ಹಾಕಿಯಲ್ಲಿ ಒಬ್ಬನಿಗೇ ಅಷ್ಟೊಂದು ದುಡ್ಡು ಕೊಡಬೇಕಾ?

ಮಡಿಕೇರಿಯಿಂದ ಚಿಕ್ಕಪ್ಪ ಫೋನ್ ಮಾಡಿದರೆ ಮಳೆ, ಕಾಫಿ ರೇಟು ಎಲ್ಲ ಮುಗಿದ ಮೇಲೆ ಮಾತು ಹಾಕಿಗೆ ಬರುತ್ತದೆ. ಅವರು ಹುಲ್ಲಿನ ಮೈದಾನದಲ್ಲಿ ಆಡಿ ಬೆಳೆದವರು. ನಾನು ಕೆನಡಾಕ್ಕೆ ಬಂದು ಐಸ್ ಹಾಕಿಯ ಹುಚ್ಚು ಹಿಡಿಸಿಕೊಂಡವನು. ಮೊನ್ನೆಯೂ ಅದೇ ಪ್ರಶ್ನೆ: "ಅಲ್ಲ ಮಗಾ, ಒಬ್ಬನಿಗೆ ವರ್ಷಕ್ಕೆ 150 ಕೋಟಿ ರೂಪಾಯಿ ಕೊಡ್ತಾರಂತಲ್ಲ. ಅವನೊಬ್ಬನಿಂದ ಅಷ್ಟು ವಸೂಲಾಗುತ್ತಾ?"

ಚಿಕ್ಕಪ್ಪ ಹೇಳುತ್ತಿದ್ದದ್ದು ಕಿರಿಲ್ ಕಪ್ರಿಜೋವ್ ವಿಷಯ. 2025ರ ಸೆಪ್ಟೆಂಬರ್ ಕೊನೆಗೆ ಮಿನ್ನೆಸೋಟ ವೈಲ್ಡ್ ತಂಡ ಅವನ ಜೊತೆ ಎಂಟು ವರ್ಷಕ್ಕೆ 13.6 ಕೋಟಿ ಡಾಲರ್‌ನ ಕಾಂಟ್ರ್ಯಾಕ್ಟ್ ಮಾಡಿಕೊಂಡಿತು. ಅಂದರೆ ವರ್ಷಕ್ಕೆ 1.7 ಕೋಟಿ ಡಾಲರ್. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್ ಚರಿತ್ರೆಯಲ್ಲೇ ಅಲ್ಲಿಯವರೆಗಿನ ದೊಡ್ಡದು. ಇಲ್ಲಿ ಮಿಸಿಸಾಗದಲ್ಲಿ ಯುಗಾದಿ ಊಟಕ್ಕೆ ಸೇರುವ ನಮ್ಮ ಕನ್ನಡದ ಗೆಳೆಯರೂ ಇದನ್ನೇ ಕೇಳುತ್ತಾರೆ. ಎಲ್ಲರಿಗೂ ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ನನ್ನ ಉತ್ತರ ಇಷ್ಟು: ನಿಜವಾದ ಮೊದಲ ಸಾಲಿನ ಆಟಗಾರನಿಗೆ ಕೊಟ್ಟ ದುಡ್ಡು ದಂಡವಲ್ಲ. ದಂಡವಾಗುವುದು ಒಳ್ಳೆಯ ಆಟಗಾರನಿಗೆ ಮಹಾ ಆಟಗಾರನ ಸಂಬಳ ಕೊಟ್ಟಾಗ. ಇಲ್ಲವೇ ನಿನ್ನೆ ಆಡಿದ ಆಟಕ್ಕೆ ನಾಳೆಯ ದುಡ್ಡು ಬರೆದುಕೊಟ್ಟಾಗ.

ಆದರೆ ಮೊದಲು ಒಂದು ವಿಷಯ ಗೊತ್ತಿರಬೇಕು. ಈ ದುಡ್ಡು ಮಾಲೀಕನ ಜೇಬಿನಿಂದ ಮಾತ್ರ ಹೋಗುವುದಲ್ಲ, ಜೊತೆ ಆಟಗಾರರ ತಟ್ಟೆಯಿಂದಲೂ ಹೋಗುತ್ತದೆ. 2004-05ರಲ್ಲಿ ಮಾಲೀಕರಿಗೂ ಆಟಗಾರರಿಗೂ ಜಗಳ ಬಿದ್ದು ಇಡೀ ಸೀಸನ್ ರದ್ದಾಯಿತು. ಆ ಜಗಳ ಮುಗಿದದ್ದು ಸ್ಯಾಲರಿ ಕ್ಯಾಪ್ ಒಪ್ಪಿಕೊಂಡ ಮೇಲೆ. ಒಂದು ತಂಡ ತನ್ನ ಎಲ್ಲ ಆಟಗಾರರಿಗೆ ಸೇರಿಸಿ ಇಷ್ಟಕ್ಕಿಂತ ಹೆಚ್ಚು ಖರ್ಚು ಮಾಡುವ ಹಾಗಿಲ್ಲ ಎನ್ನುವ ಮಿತಿ ಅದು. ಶುರುವಿನಲ್ಲಿ 3.9 ಕೋಟಿ ಡಾಲರ್ ಇತ್ತು. 2025-26ಕ್ಕೆ 9.55 ಕೋಟಿ ಆಗಿದೆ. ನಮ್ಮ ಕಡೆ ಒಟ್ಟು ಕುಟುಂಬದಲ್ಲಿ ಕಾಫಿ ಮಾರಿದ ದುಡ್ಡನ್ನು ಪಾಲು ಮಾಡುತ್ತಾರಲ್ಲ, ಹಾಗೆ ಇದು. ದೊಡ್ಡಣ್ಣ ಜಾಸ್ತಿ ತೆಗೆದುಕೊಂಡರೆ ತಮ್ಮಂದಿರಿಗೆ ಉಳಿಯುವುದು ಕಡಿಮೆ.

ಹಾಗಾಗಿ ನಾನು ಡಾಲರ್ ಲೆಕ್ಕ ನೋಡುವುದೇ ಇಲ್ಲ. ಪಾಲಿನ ಲೆಕ್ಕ ನೋಡುತ್ತೇನೆ. ಕಪ್ರಿಜೋವ್‌ನ ಹೊಸ ಕಾಂಟ್ರ್ಯಾಕ್ಟ್ ಶುರುವಾಗುವುದು 2026-27ರಲ್ಲಿ. ಆ ವರ್ಷದ ಕ್ಯಾಪ್ 10.4 ಕೋಟಿ. ಅದರಲ್ಲಿ 1.7 ಅಂದರೆ ನೂರಕ್ಕೆ 16ರಷ್ಟು. ಈಗ ಎಡ್ಮಂಟನ್‌ನ ಕಾನರ್ ಮೆಕ್‌ಡೇವಿಡ್‌ನ ಹಳೆಯ ಕಾಂಟ್ರ್ಯಾಕ್ಟ್ ತೆಗೆದುಕೊಳ್ಳಿ. 2017ರಲ್ಲಿ ಸಹಿ ಹಾಕಿದ್ದು, ಎಂಟು ವರ್ಷಕ್ಕೆ 10 ಕೋಟಿ ಡಾಲರ್, ವರ್ಷಕ್ಕೆ 1.25 ಕೋಟಿ. ಅದು ಜಾರಿಗೆ ಬಂದ 2018-19ರಲ್ಲಿ ಕ್ಯಾಪ್ 7.95 ಕೋಟಿ ಇತ್ತು. ಅಲ್ಲಿಯೂ ಪಾಲು ಹತ್ತಿರ ಹತ್ತಿರ ನೂರಕ್ಕೆ 16ರಷ್ಟೇ! ಕಿವಿಗೆ ದೊಡ್ಡದಾಗಿ ಕೇಳಿಸುವ ಹೊಸ ಅಂಕಿ ಹಳೆಯದಕ್ಕಿಂತ ಹೆಚ್ಚೇನೂ ದೊಡ್ಡ ಪಾಲಲ್ಲ.

ಲೀಗಿನ ನಿಯಮದಲ್ಲಿ ಇನ್ನೊಂದು ಬೇಲಿ ಇದೆ. ಯಾವ ಆಟಗಾರನೂ ಕ್ಯಾಪ್‌ನ ನೂರಕ್ಕೆ 20ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಮೆಕ್‌ಡೇವಿಡ್ ಅಂಥವನಿಗೆ ಈ ಬೇಲಿ ಇಲ್ಲದೇ ಹೋಗಿದ್ದರೆ ಇನ್ನೂ ಎಷ್ಟು ಸಿಗುತ್ತಿತ್ತೋ. ಲೀಗಿನಲ್ಲಿ ಅತಿ ಹೆಚ್ಚು ಪಾಯಿಂಟ್ (ಗೋಲು ಹೊಡೆದದ್ದು, ಗೋಲು ಹೊಡೆಯಲು ನೆರವಾದದ್ದು ಎರಡೂ ಸೇರಿದ ಲೆಕ್ಕ) ಗಳಿಸಿದವನಿಗೆ ಕೊಡುವ ಆರ್ಟ್ ರಾಸ್ ಟ್ರೋಫಿಯನ್ನು 2023ರ ಹೊತ್ತಿಗೇ ಐದು ಸಲ ಗೆದ್ದಿದ್ದ. 2024ರ ಫೈನಲ್ ಸರಣಿಯಲ್ಲಿ ಎಡ್ಮಂಟನ್ ಮೊದಲ ಮೂರು ಪಂದ್ಯ ಸೋತು, ಆಮೇಲೆ ಮೂರು ಗೆದ್ದು, ಏಳನೆಯದರಲ್ಲಿ 2-1ರಿಂದ ಫ್ಲೋರಿಡಾಕ್ಕೆ ಸೋತಿತು. ಪ್ಲೇಆಫ್‌ನ, ಅಂದರೆ ಸೀಸನ್ ಕೊನೆಯ ನಾಕೌಟ್ ಸುತ್ತುಗಳ, ಶ್ರೇಷ್ಠ ಆಟಗಾರನ ಪ್ರಶಸ್ತಿ ಸೋತ ತಂಡದ ಮೆಕ್‌ಡೇವಿಡ್‌ಗೆ ಹೋಯಿತು. ಆ ಪ್ರಶಸ್ತಿ ತೆಗೆದುಕೊಳ್ಳಲು ಅವನು ಐಸ್ ಮೇಲೆ ಬರಲೇ ಇಲ್ಲ. ಆ ರಾತ್ರಿ ನಾನು ತುಂಬ ಹೊತ್ತು ನಿದ್ದೆ ಮಾಡಲಿಲ್ಲ. ಅವನದು ನನ್ನ ತಂಡವೂ ಅಲ್ಲ.

ಇಲ್ಲಿ ಚಿಕ್ಕಪ್ಪನ ವಾದ ಒಂದಿದೆ. "ಆಟ 60 ನಿಮಿಷ. ಅವನು ಐಸ್ ಮೇಲೆ ಇರುವುದು ಇಪ್ಪತ್ತು ಇಪ್ಪತ್ತೆರಡು ನಿಮಿಷ. ಉಳಿದ ಹೊತ್ತು ಬೆಂಚಿನ ಮೇಲೆ ಕೂತವನಿಗೆ ಇಷ್ಟು ಯಾಕೆ?" ನ್ಯಾಯವಾದ ಪ್ರಶ್ನೆ. ಫೀಲ್ಡ್ ಹಾಕಿ ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಐಸ್ ಹಾಕಿಯಲ್ಲಿ ಒಬ್ಬೊಬ್ಬರೂ ಮುಕ್ಕಾಲು ನಿಮಿಷ ಪೂರಾ ಜೋರಿನಿಂದ ಆಡಿ ಬೆಂಚಿಗೆ ಬರುತ್ತಾರೆ. ಅಷ್ಟರಲ್ಲೇ ಉಸಿರು ಕಟ್ಟಿರುತ್ತದೆ. ಇಪ್ಪತ್ತೆರಡು ನಿಮಿಷ ಅಂದರೆ ಮುಂಚೂಣಿ ಆಟಗಾರನಿಗೆ ತುಂಬಾ ಜಾಸ್ತಿ. ಜೊತೆಗೆ ಐಸ್ ಮೇಲೆ ಗೋಲಿಯನ್ನು (ಗೋಲ್‌ಕೀಪರನ್ನು) ಬಿಟ್ಟು ಐದೇ ಜನಕ್ಕೆ ಜಾಗ. ಅರ್ಧ ಮೆಕ್‌ಡೇವಿಡ್‌ನಷ್ಟು ಆಡುವ ಇಬ್ಬರನ್ನು ಇಳಿಸಿದರೆ ಎರಡು ಜಾಗ ಹೋಗುತ್ತದೆ, ಒಬ್ಬ ಮೆಕ್‌ಡೇವಿಡ್ ಮಾತ್ರ ಆಗುವುದಿಲ್ಲ. ಮೂರನೇ ಸಾಲಿನ, ಅಂದರೆ ಸಾಧಾರಣ ದರ್ಜೆಯ, ಆಟಗಾರ ಗಾಯಗೊಂಡರೆ ಲೀಗಿನ ಕನಿಷ್ಠ ಸಂಬಳಕ್ಕೆ (2025-26ರಲ್ಲಿ ಅದು 7,75,000 ಡಾಲರ್ ಇತ್ತು) ಪರವಾಗಿಲ್ಲ ಅನ್ನುವ ಬದಲಿ ಸಿಗುತ್ತಾನೆ. ಮೆಕ್‌ಡೇವಿಡ್‌ಗೆ ಬದಲಿ ಯಾವ ಬೆಲೆಗೂ ಸಿಗುವುದಿಲ್ಲ.

ಹಾಗಾದರೆ ಎಡ್ಮಂಟನ್ ಯಾಕೆ ಲೀಗಿನ ಸ್ಟ್ಯಾನ್ಲಿ ಕಪ್ ಗೆಲ್ಲಲಿಲ್ಲ? 2025ರಲ್ಲೂ ಫೈನಲ್‌ಗೆ ಬಂದು ಅದೇ ಫ್ಲೋರಿಡಾಕ್ಕೆ ಆರು ಪಂದ್ಯದಲ್ಲಿ ಸೋತರಲ್ಲ? ನನ್ನ ಮಟ್ಟಿಗೆ ಕಾರಣ ಅವರ ತಾರೆಗಳ ಸಂಬಳವಲ್ಲ. ಲಿಯಾನ್ ಡ್ರೈಸೈಟಲ್ 2020ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ ಅನ್ನಿಸಿಕೊಂಡವನು. ಕೆಲವು ಸೀಸನ್‌ಗಳಲ್ಲಿ ಐವತ್ತಕ್ಕೂ ಹೆಚ್ಚು ಗೋಲು ಹೊಡೆದವನು. 2025ರವರೆಗೆ ಕ್ಯಾಪ್‌ನಲ್ಲಿ ಅವನ ಲೆಕ್ಕ ವರ್ಷಕ್ಕೆ 85 ಲಕ್ಷ ಡಾಲರ್ ಮಾತ್ರ. ಅದೇ ತಂಡದ ಡಿಫೆನ್ಸ್ ಆಟಗಾರ ಡಾರ್ನೆಲ್ ನರ್ಸ್‌ಗೆ 2022ರಿಂದ 92.5 ಲಕ್ಷ! ನರ್ಸ್ ಕಷ್ಟಪಟ್ಟು ಆಡುತ್ತಾನೆ, ಒಳ್ಳೆಯ ಆಟಗಾರ. ಅದರಲ್ಲಿ ಎರಡು ಮಾತಿಲ್ಲ. ಆದರೆ ಡ್ರೈಸೈಟಲ್‌ಗಿಂತ ಮೇಲಲ್ಲ. ತಂಡದ ಗಂಟು ಸಡಿಲವಾಗುವುದು ಇಂಥ ಜಾಗದಲ್ಲಿ.

ಅದರ ಬೆಲೆ 2024ರ ಆಗಸ್ಟ್‌ನಲ್ಲಿ ಕಣ್ಣಿಗೆ ಕಾಣಿಸಿತು. ಎಡ್ಮಂಟನ್‌ನಲ್ಲಿ ಇಬ್ಬರು ಎಳೆಯ ಆಟಗಾರರಿದ್ದರು, ಫಿಲಿಪ್ ಬ್ರೋಬರ್ಗ್ ಮತ್ತು ಡಿಲನ್ ಹಾಲೊವೇ. ಇಬ್ಬರನ್ನೂ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಎಳೆಯರನ್ನು ಆರಿಸಿಕೊಳ್ಳುವ ಪದ್ಧತಿ) ಮೊದಲ ಸುತ್ತಿನಲ್ಲೇ ಆರಿಸಿ ಬೆಳೆಸಿದ್ದರು. ಸೇಂಟ್ ಲೂಯಿ ತಂಡ ಇಬ್ಬರ ಮುಂದೆಯೂ ಹೆಚ್ಚಿನ ಸಂಬಳ ಇಟ್ಟಿತು. ಅದೇ ಸಂಬಳ ತಾವೇ ಕೊಟ್ಟು ಉಳಿಸಿಕೊಳ್ಳಲು ಎಡ್ಮಂಟನ್‌ಗೆ ಏಳು ದಿನ ಅವಕಾಶ ಇತ್ತು. ಕ್ಯಾಪ್‌ನಲ್ಲಿ ಜಾಗ ಇರಲಿಲ್ಲ, ಬಿಟ್ಟುಕೊಟ್ಟರು. ಮುಂದಿನ ಸೀಸನ್‌ನಲ್ಲಿ ಹಾಲೊವೇ ಸೇಂಟ್ ಲೂಯಿಗಾಗಿ 63 ಪಾಯಿಂಟ್ ಗಳಿಸಿದ. ಅವನ ಸಂಬಳ 23 ಲಕ್ಷ ಡಾಲರ್ ಕೂಡ ಇರಲಿಲ್ಲ.

ಇದನ್ನೆಲ್ಲ ಮೆಕ್‌ಡೇವಿಡ್ ಹತ್ತಿರದಿಂದ ನೋಡಿದ್ದಾನೆ. 2025ರ ಅಕ್ಟೋಬರ್‌ನಲ್ಲಿ ಅವನು ಮತ್ತೆ ಎರಡು ವರ್ಷಕ್ಕೆ ಸಹಿ ಹಾಕಿದಾಗ ಸಂಬಳ ಎಷ್ಟು ಗೊತ್ತಾ? ಅದೇ ಹಳೆಯ 1.25 ಕೋಟಿ. ನಿಯಮದ ಪ್ರಕಾರ 2 ಕೋಟಿ ದಾಟಿ ಕೇಳಬಹುದಿತ್ತು. ಉಳಿದದ್ದನ್ನು ತಂಡಕ್ಕೆ ಬಿಟ್ಟ. ಅವನಿಗೆ ಬೇಕಿರುವುದು ಕಪ್.

ಇನ್ನು ನನ್ನ ತಂಡದ ಕಥೆ. ಟೊರಾಂಟೊ ಮೇಪಲ್ ಲೀಫ್ಸ್. ಕೊನೆಯದಾಗಿ ಸ್ಟ್ಯಾನ್ಲಿ ಕಪ್ ಗೆದ್ದದ್ದು 1967ರಲ್ಲಿ, ನಾನು ಹುಟ್ಟುವುದಕ್ಕೂ ಮುಂಚೆ. 2018ರ ಜುಲೈ 1ರಂದು ಜಾನ್ ಟವಾರೆಸ್ ನಮ್ಮ ತಂಡಕ್ಕೆ ಬಂದ. ಹುಟ್ಟಿದ್ದು ಇದೇ ಮಿಸಿಸಾಗದಲ್ಲಿ. ಚಿಕ್ಕವನಿದ್ದಾಗ ಲೀಫ್ಸ್ ಚಿತ್ರದ ಹಾಸಿಗೆ ಹೊದಿಕೆಯಲ್ಲಿ ಮಲಗಿದ್ದ ತನ್ನ ಫೋಟೋವನ್ನು ಅವನು ಆ ದಿನ ಹಾಕಿದ್ದ. ಅದನ್ನು ನೋಡಿ ನನ್ನ ಕಣ್ಣು ತುಂಬಿತ್ತು. ಏಳು ವರ್ಷಕ್ಕೆ 7.7 ಕೋಟಿ ಡಾಲರ್. ಮೊದಲ ವರ್ಷವೇ 47 ಗೋಲು ಹೊಡೆದ. ಆಮೇಲೆ ಆಸ್ಟನ್ ಮ್ಯಾಥ್ಯೂಸ್, ಮಿಚ್ ಮಾರ್ನರ್, ವಿಲಿಯಂ ನೈಲಾಂಡರ್ ಮೂವರಿಗೂ ದೊಡ್ಡ ಕಾಂಟ್ರ್ಯಾಕ್ಟ್ ಆಯಿತು. ನಾಲ್ವರೂ ಒಳ್ಳೆಯವರೇ. ಒಬ್ಬೊಬ್ಬನ ಸಂಬಳವನ್ನು ಬಿಡಿಯಾಗಿ ನೋಡಿದರೆ ತಪ್ಪು ಹುಡುಕುವುದು ಕಷ್ಟ. ಒಟ್ಟು ಮಾಡಿ ನೋಡಿ: 2019-20ರಲ್ಲಿ ನಾಲ್ವರದು ಸೇರಿ 4 ಕೋಟಿ ದಾಟಿತು. ಕ್ಯಾಪ್ 8.15 ಕೋಟಿ. ಇಪ್ಪತ್ತಮೂರು ಜನರ ತಂಡದಲ್ಲಿ ನಾಲ್ವರಿಗೆ ಅರ್ಧ ದುಡ್ಡು!

ಆದರೂ ಕ್ಯಾಪ್ ವರ್ಷ ವರ್ಷ ಏರಿದ್ದರೆ ಇದು ನಡೆಯುತ್ತಿತ್ತು. ಲೆಕ್ಕ ಹಾಕಿದ್ದೇ ಹಾಗೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂತು, ಸ್ಟೇಡಿಯಂಗಳು ಖಾಲಿಯಾದವು, ಆದಾಯ ನಿಂತಿತು. ಕ್ಯಾಪ್ ಮೂರು ಸೀಸನ್ 8.15 ಕೋಟಿಯಲ್ಲೇ ನಿಂತಿತು. ಆಮೇಲೆ ಎರಡು ವರ್ಷ ಹತ್ತತ್ತು ಲಕ್ಷದಷ್ಟೇ ಏರಿತು. ಪ್ರತಿ ಬೇಸಿಗೆಯಲ್ಲಿ ಡಿಫೆನ್ಸ್‌ಗೆ, ಗೋಲಿಗೆ, ಕೆಳಸಾಲಿಗೆ ಅಗ್ಗದವರನ್ನು ಹುಡುಕುವುದೇ ಕೆಲಸವಾಯಿತು. ಅಷ್ಟು ವರ್ಷಗಳಲ್ಲಿ ಪ್ಲೇಆಫ್‌ನಲ್ಲಿ ಗೆದ್ದದ್ದು ಎರಡೇ ಸರಣಿ, 2023ರಲ್ಲಿ ಟ್ಯಾಂಪಾ ಮೇಲೆ, 2025ರಲ್ಲಿ ಒಟ್ಟಾವಾ ಮೇಲೆ. 2025ರ ಎರಡನೇ ಸುತ್ತಿನ ಏಳನೇ ಪಂದ್ಯವನ್ನು ನಮ್ಮ ಮನೆಯಂಗಳದಲ್ಲೇ 6-1ರಿಂದ ಸೋತೆವು. ಆ ಬೇಸಿಗೆಯಲ್ಲಿ ಮಾರ್ನರ್ ವೇಗಸ್‌ಗೆ ಹೋದ.

ಇದಕ್ಕಿಂತ ನೋವಿನದು ಕ್ಯಾಲ್ಗರಿಯ ಕಥೆ. ಜೊನಾಥನ್ ಹೂಬರ್ಡೊ 2021-22ರಲ್ಲಿ ಫ್ಲೋರಿಡಾಕ್ಕೆ ಆಡುತ್ತ 115 ಪಾಯಿಂಟ್ ಗಳಿಸಿದ್ದ. ಮ್ಯಾಥ್ಯೂ ಕಚಕ್‌ನನ್ನು ಕೊಟ್ಟು ಕ್ಯಾಲ್ಗರಿ ಅವನನ್ನು ಪಡೆಯಿತು. ಅವನು ತಮಗಾಗಿ ಒಂದು ಪಂದ್ಯ ಆಡುವ ಮೊದಲೇ ಎಂಟು ವರ್ಷಕ್ಕೆ 8.4 ಕೋಟಿ ಡಾಲರ್‌ಗೆ ಸಹಿ ಹಾಕಿಸಿಕೊಂಡಿತು. ಮುಂದಿನ ಸೀಸನ್‌ನಲ್ಲಿ ಅವನು ಗಳಿಸಿದ್ದು 55 ಪಾಯಿಂಟ್. ಆ ದೊಡ್ಡ ಸಂಬಳ ಇನ್ನೂ ಶುರುವೇ ಆಗಿರಲಿಲ್ಲ. ಅತ್ತ ಕಚಕ್ ಫ್ಲೋರಿಡಾದಲ್ಲಿ ಎರಡು ಕಪ್ ಎತ್ತಿದ. ಹೂಬರ್ಡೊನನ್ನು ಬೈಯಬೇಡಿ. ಮುಂದಿಟ್ಟ ಕಾಗದಕ್ಕೆ ಯಾರಾದರೂ ಸಹಿ ಹಾಕುತ್ತಾರೆ, ಅಲ್ವಾ? ಒಂದು ಅದ್ಭುತ ವರ್ಷವನ್ನು ನೋಡಿ ಎಂಟು ವರ್ಷಕ್ಕೆ ಬೆಲೆ ಕಟ್ಟಿದ್ದು ತಂಡ.

ಹಿಂದೆ ಇನ್ನೂ ಕೆಟ್ಟದಾಗಿತ್ತು. ನ್ಯೂಯಾರ್ಕ್ ಐಲ್ಯಾಂಡರ್ಸ್ 2006ರಲ್ಲಿ ಗೋಲಿ ರಿಕ್ ಡಿಪಿಯೆಟ್ರೊಗೆ 15 ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟಿತು. ಗಾಯದ ಮೇಲೆ ಗಾಯ. 2013ರಲ್ಲಿ ಕಾಂಟ್ರ್ಯಾಕ್ಟ್ ಮುರಿದರು. ಮುರಿದದ್ದಕ್ಕೆ ಹದಿನಾರು ವರ್ಷ, ವರ್ಷಕ್ಕೆ 15 ಲಕ್ಷ ಡಾಲರ್ ಕೊಡಬೇಕು. ಅದೇ 2013ರಿಂದ ಎಂಟು ವರ್ಷಕ್ಕಿಂತ ಉದ್ದದ ಕಾಂಟ್ರ್ಯಾಕ್ಟ್ ನಿಂತುಹೋಯಿತು.

ಹಾಗಂತ ನನ್ನ ಲೆಕ್ಕ ಯಾವಾಗಲೂ ಸರಿ ಬಂದಿಲ್ಲ. 2019ರಲ್ಲಿ ಫ್ಲೋರಿಡಾ ಸೆರ್ಗೈ ಬಾಬ್ರೋಫ್ಸ್ಕಿಗೆ ಏಳು ವರ್ಷಕ್ಕೆ 7 ಕೋಟಿ ಡಾಲರ್ ಕೊಟ್ಟಾಗ ನಾನು ಎಲ್ಲರಿಗೂ ಹೇಳಿದ್ದೆ, ಮೂವತ್ತು ದಾಟಿದ ಗೋಲಿಗೆ ಇದು ಅತಿಯಾಯಿತು ಅಂತ. ಮೊದಲ ವರ್ಷಗಳಲ್ಲಿ ನನ್ನ ಮಾತೇ ನಿಜವಾಯಿತು. ಆಮೇಲೆ 2023ರಲ್ಲಿ ಅವನು ತಂಡವನ್ನು ಫೈನಲ್‌ವರೆಗೆ ಹೊತ್ತು ತಂದ. 2024ರಲ್ಲಿ, 2025ರಲ್ಲಿ ಕಪ್ ಗೆದ್ದುಕೊಟ್ಟ. ನಾನು ತಪ್ಪಿದ್ದೆ. ಆದರೆ ಆ ತಂಡದಲ್ಲಿ ಬಾಬ್ರೋಫ್ಸ್ಕಿಯಷ್ಟೇ ಸಂಬಳದ ಬಾರ್ಕೋವ್, ಅದಕ್ಕೂ ಕಡಿಮೆಯ ಕಚಕ್, ರೈನ್‌ಹಾರ್ಟ್ ಇದ್ದರು ಎನ್ನುವುದನ್ನೂ ಹೇಳಬೇಕು. ಯಾರೂ ಒಂದು ಕೋಟಿ ಡಾಲರ್ ದಾಟಿರಲಿಲ್ಲ. ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ನಮ್ಮ ಒಂಟಾರಿಯೋದಲ್ಲಿ ಮೇಲಿನ ಹಂತದ ಆದಾಯಕ್ಕೆ ಒಟ್ಟು ತೆರಿಗೆ ಅರ್ಧವನ್ನೂ ದಾಟುತ್ತದೆ. ಒಂದೇ ಸಂಬಳ, ಕೈಗೆ ಬರುವುದು ಬೇರೆ.

"ಗ್ರೆಟ್ಸ್ಕಿ ಹೋದ ಮೇಲೂ ಎಡ್ಮಂಟನ್ ಗೆದ್ದಿತಲ್ಲ" ಎಂದು ಒಬ್ಬ ಗೆಳೆಯ ಯಾವಾಗಲೂ ಎತ್ತುತ್ತಾನೆ. ನಿಜ. 1988ರ ಆಗಸ್ಟ್ 9ರಂದು ಐಸ್ ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್ಕಿಯನ್ನು ಲಾಸ್ ಏಂಜಲೀಸ್‌ಗೆ ಕೊಟ್ಟರು, 1990ರಲ್ಲಿ ಎಡ್ಮಂಟನ್ ಅವನಿಲ್ಲದೆ ಕಪ್ ಗೆದ್ದಿತು. ಆದರೆ ಆ ತಂಡದಲ್ಲಿ ಮಾರ್ಕ್ ಮೆಸ್ಸಿಯೆ, ಯಾರಿ ಕುರ್ರಿ ಇನ್ನೂ ಇದ್ದರು. ಆಗ ಕ್ಯಾಪ್ ಇರಲಿಲ್ಲ. ಅತ್ತ ಗ್ರೆಟ್ಸ್ಕಿ ಹೋದ ಕ್ಯಾಲಿಫೋರ್ನಿಯಾದಲ್ಲಿ ಐದೇ ವರ್ಷದಲ್ಲಿ ಇನ್ನೆರಡು ತಂಡ ಹುಟ್ಟಿದವು, ಸ್ಯಾನ್ ಹೋಸೆ ಮತ್ತು ಅನಾಹೈಮ್. ಅಲ್ಲಿ ಜನ ಹಾಕಿ ನೋಡಲು ಕಲಿತದ್ದರಲ್ಲಿ ಅವನದು ದೊಡ್ಡ ಪಾಲು.

ಚಿಕ್ಕಪ್ಪನಿಗೆ ಹೇಳಲು ಮನೆಯ ಹತ್ತಿರದ ಲೆಕ್ಕವೂ ಒಂದಿದೆ. 2024ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್‌ಗೆ ಸೂರ್ಮಾ ತಂಡ 78 ಲಕ್ಷ ರೂಪಾಯಿ ಕೊಟ್ಟಿತು. ಪ್ರತಿ ಪುರುಷರ ತಂಡದ ಕೈಯಲ್ಲಿದ್ದದ್ದು 4 ಕೋಟಿ. ಪಾಲು ನೋಡಿದರೆ ನೂರಕ್ಕೆ ಹತ್ತೊಂಬತ್ತೂವರೆ, ಕಪ್ರಿಜೋವ್‌ಗಿಂತ ಜಾಸ್ತಿ! ಅಂಥ ಪೆನಾಲ್ಟಿ ಕಾರ್ನರ್ ಹೊಡೆತಗಾರನಿಗೆ ಅದು ಸರಿಯಾದ ಬೆಲೆ ಅಂತ ಚಿಕ್ಕಪ್ಪನೇ ಒಪ್ಪಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಾಗಾದ್ರೆ ನಿಮ್ಮ ಮ್ಯಾಥ್ಯೂಸ್‌ಗೆ?"

ಮ್ಯಾಥ್ಯೂಸ್‌ನ ಈಗಿನ ಕಾಂಟ್ರ್ಯಾಕ್ಟ್ ನಾಲ್ಕು ವರ್ಷದ್ದು, ವರ್ಷಕ್ಕೆ 1.325 ಕೋಟಿ, 2028ಕ್ಕೆ ಮುಗಿಯುತ್ತದೆ. 2023-24ರಲ್ಲಿ 69 ಗೋಲು ಹೊಡೆದವನು, ಮರುವರ್ಷ ಗಾಯದಿಂದ ನರಳುತ್ತ 67 ಪಂದ್ಯದಲ್ಲಿ 33 ಹೊಡೆದ. ಈ ಕಾಂಟ್ರ್ಯಾಕ್ಟ್ ಮುಗಿಯುವ ಹೊತ್ತಿಗೆ ಅವನಿಗೆ ಮೂವತ್ತಾಗಿರುತ್ತದೆ. ಹೊಸ ನಿಯಮದಲ್ಲಿ ಸ್ವಂತ ತಂಡ ಏಳು ವರ್ಷದವರೆಗೆ ಕೊಡಬಹುದು. ನಾನಾಗಿದ್ದರೆ ಮೂರು ವರ್ಷಕ್ಕೆ ಅವನು ಕೇಳಿದ ಪಾಲನ್ನು ಚೌಕಾಸಿ ಮಾಡದೆ ಕೊಡುತ್ತೇನೆ. ಏಳು ವರ್ಷ ಬೇಕು ಅಂದರೆ, ಎಷ್ಟೇ ಹೊಟ್ಟೆ ಉರಿದರೂ, ಕೈ ಮುಗಿದು ಕಳಿಸುತ್ತೇನೆ.