ದೊಡ್ಡಮ್ಮನಿಗೆ ಏನು ಒಯ್ಯಲಿ?

ಇಂಗ್ಲೆಂಡಿನ ಲೀಡ್ಸ್‌ನಿಂದ ಊರಿಗೆ ಹೊರಟಾಗಲೆಲ್ಲ ನನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಚಾಕೊಲೇಟೇ ಹೆಚ್ಚಿರುತ್ತಿತ್ತು. ಒಂದು ಸಲ ಶಿವಮೊಗ್ಗದ ಗೆಳತಿ ಫೋನಿನಲ್ಲಿ ಹೇಳಿಯೇಬಿಟ್ಟಳು: “ಅದೆಲ್ಲ ನಮ್ಮ ಬೀದಿಯ ಅಂಗಡಿಯಲ್ಲೇ ಸಿಗುತ್ತದೆ ಮಾರಾಯ್ತಿ. ಅಲ್ಲಿಯವರು ತಲೆತಲಾಂತರದಿಂದ ತಿನ್ನುವಂಥದ್ದು ಏನಾದರೂ ತಾ. ಅಮ್ಮನಿಗೂ ಆಗಬೇಕು.”

ಕಷ್ಟವೆಲ್ಲ ಆ ಕೊನೆಯ ಮಾತಿನಲ್ಲಿತ್ತು. ಅವಳ ತಾಯಿಯನ್ನು ನಾನು ಚಿಕ್ಕಂದಿನಿಂದಲೂ ದೊಡ್ಡಮ್ಮ ಎಂದೇ ಕರೆಯುವುದು. ಮೊಟ್ಟೆ ಹಾಕಿದ ಕೇಕು ಇದುವರೆಗೆ ಅವರ ಹೊಸ್ತಿಲು ದಾಟಿಲ್ಲ.

ಜನವರಿಯ ಕೊನೆಯ ಶನಿವಾರ ಕರ್ಕ್‌ಗೇಟ್ ಮಾರುಕಟ್ಟೆಗೆ ಹೋದೆ. ಜಾಮು, ಬಿಸ್ಕತ್ತು ಮಾರುವ ಅಂಗಡಿಯಾಕೆ “ಏನು ಬೇಕು, ಲವ್?” ಎಂದಳು. ಯಾರ್ಕ್‌ಶೈರಿನಲ್ಲಿ ಅದು ನಮ್ಮ ‘ಅಕ್ಕಾ’ ಇದ್ದ ಹಾಗೆ, ಎಲ್ಲ ಗಿರಾಕಿಗಳಿಗೂ ಸಲ್ಲುತ್ತದೆ. ವಿಷಯ ಹೇಳಿದೆ. ಆಕೆ ಮೊದಲು ತೆಗೆದುಕೊಟ್ಟದ್ದು ಮಿನ್ಸ್‌ಮೀಟ್. ಹೆಸರಿನಲ್ಲಿ ಮಾಂಸವಿದ್ದರೂ ಶೀಶೆಯಲ್ಲಿರುವುದು ಒಣದ್ರಾಕ್ಷಿ, ಸೇಬು, ಚಕ್ಕೆ, ಜಾಯಿಕಾಯಿ. ಹಿಂದಿನ ಕಾಲದಲ್ಲಿ ಮಾಂಸವನ್ನೂ ಕೊಚ್ಚಿ ಹಾಕುತ್ತಿದ್ದರು. ಅದು ಹೋಗಿ ಹೆಸರು ಮಾತ್ರ ಉಳಿದಿದೆ. ಸದ್ಯ, ಎಂದುಕೊಂಡು ಹಿಂಬದಿಯ ಸಣ್ಣಕ್ಷರ ಓದಿದರೆ ‘ಸೂಯೆಟ್’ ಎಂದಿತ್ತು. ಅಂದರೆ ದನದ ಮೂತ್ರಪಿಂಡದ ಸುತ್ತ ಕಟ್ಟುವ ಕೊಬ್ಬು. ಸಸ್ಯದ ಎಣ್ಣೆಯಿಂದ ಮಾಡಿದ ಸೂಯೆಟ್ ಹಾಕಿದ್ದೂ ಸಿಗುತ್ತದೆ. ಆದರೆ ದೊಡ್ಡಮ್ಮ “ಮಿನ್ಸ್‌ಮೀಟ್ ಅಂದರೇನೇ?” ಎಂದು ಕೇಳಿದರೆ ನಾನು ಎಲ್ಲಿಂದ ಶುರುಮಾಡಲಿ?

ಅಲ್ಲಿಂದ ಮುಂದೆ ಯಾವ ಹೆಸರನ್ನೂ ನಂಬಲಿಲ್ಲ. ಲೆಮನ್ ಕರ್ಡ್‌ನಲ್ಲಿ ಮೊಸರಿಲ್ಲ, ಮೊಟ್ಟೆಯಿದೆ. ವೈನ್ ಗಮ್ ಎಂಬ ಮಿಠಾಯಿಯಲ್ಲಿ ವೈನ್ ಇಲ್ಲ, ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಸ್ಟಿಲ್ಟನ್ ಚೀಸನ್ನು ಸ್ಟಿಲ್ಟನ್ ಎಂಬ ಹಳ್ಳಿಯಲ್ಲಿ ಮಾಡುವಂತೆಯೇ ಇಲ್ಲ. ಕಾನೂನಿನ ಪ್ರಕಾರ ಅದು ಡಾರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್‌ಗಳಲ್ಲೇ ತಯಾರಾಗಬೇಕು. ಅದರ ವಾಸನೆಗೆ ವಿಮಾನದಲ್ಲಿ ಪಕ್ಕದವರು ಎದ್ದುಹೋದಾರು ಎಂದು ಅದನ್ನು ಮುಟ್ಟಲಿಲ್ಲ. ವೂಸ್ಟರ್ ಸಾಸ್ ಕಂಡಾಗ ನಿಜಕ್ಕೂ ಹೊಟ್ಟೆ ಉರಿಯಿತು. ಒಳಗೆ ನಮ್ಮ ಹುಣಿಸೇಹಣ್ಣಿದೆ, ಬೆಳ್ಳುಳ್ಳಿಯಿದೆ, ಅವುಗಳ ನಡುವೆ ಆಂಚೊವಿ ಎಂಬ ಪುಟ್ಟ ಮೀನೂ ಇದೆ!

ಕೆಂಡಲ್ ಮಿಂಟ್ ಕೇಕ್ ಕೂಡ ಹೆಸರಿಗಷ್ಟೇ ಕೇಕು. ಸಕ್ಕರೆ, ಗ್ಲೂಕೋಸ್, ನೀರು, ಪುದೀನ ಜಾತಿಯ ಎಣ್ಣೆ ಬಿಟ್ಟರೆ ಇನ್ನೇನೂ ಇಲ್ಲದ ಬಿಳಿ ಹಲಗೆ ಅದು. 1953ರಲ್ಲಿ ಎವರೆಸ್ಟ್ ಹತ್ತಿದ ತಂಡ ಇದನ್ನು ಒಯ್ದಿತ್ತು. ರಜೆ ಸಿಕ್ಕರೆ ಕೊಡಚಾದ್ರಿ ಹತ್ತುವ ಗೆಳತಿಯ ಮಗನಿಗೆ ಎರಡು ಕೊಂಡೆ. ಮೈದಾ, ಬೆಣ್ಣೆ, ಸಕ್ಕರೆಯ ಶಾರ್ಟ್‌ಬ್ರೆಡ್‌ನಲ್ಲಿ ಭಯವಿಲ್ಲ. ಅದೂ ಒಂದು ಡಬ್ಬಿ ಬಂತು.

ದೊಡ್ಡಮ್ಮನಿಗೆ ಸಿಕ್ಕಿದ್ದು ಮಾರ್ಮಲೇಡ್, ಅಂದರೆ ಕಿತ್ತಳೆ ಸಿಪ್ಪೆಯ ಜಾಮು. ಪಕ್ಕದ ಹಣ್ಣಿನ ಅಂಗಡಿಯಲ್ಲಿ ಸ್ಪೇನಿನ ಸೆವಿಲ್ ಕಿತ್ತಳೆ ರಾಶಿ ಬಿದ್ದಿತ್ತು. ಚಳಿಗಾಲದಲ್ಲಿ ಕೆಲವೇ ವಾರ ಬರುವ, ಬಾಯಿಗಿಟ್ಟರೆ ಕಹಿಯಾದ ಹಣ್ಣು ಅದು. ಸಿಪ್ಪೆ ಹೆಚ್ಚಿ, ಬೀಜಗಳನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಜೊತೆಗೇ ಕುದಿಸುತ್ತಾರೆ. ಬೀಜದಿಂದ ಇಳಿಯುವ ಪೆಕ್ಟಿನ್‌ನಿಂದಲೇ ಪಾಕ ಗಟ್ಟಿಯಾಗುತ್ತದೆ, ಜೆಲಟಿನ್ನಿನ ಹಂಗಿಲ್ಲ. ಹೆಸರಿನ ತಂಟೆ ಇಲ್ಲೂ ಇದೆ: ಮಾರ್ಮಲೇಡಿಗೆ ಹೆಸರು ಕೊಟ್ಟ ಮಾರ್ಮೆಲು ಎಂದರೆ ಪೋರ್ಚುಗೀಸರಿಗೆ ಕಿತ್ತಳೆಯಲ್ಲ, ಕ್ವಿನ್ಸ್ ಎಂಬ ಬೇರೊಂದು ಹಣ್ಣು. ನಮ್ಮ ಬಿಲ್ವದ ಸಸ್ಯಶಾಸ್ತ್ರೀಯ ಹೆಸರು ‘ಏಗಲ್ ಮಾರ್ಮೆಲೋಸ್’ನಲ್ಲಿ ಕುಳಿತಿರುವುದೂ ಅದೇ ಪದ. ಎಲ್ಲಕ್ಕಿಂತ ಚೆಂದದ ಶೀಶೆ ಆರಿಸಿ ದುಡ್ಡು ಕೊಡುವಾಗ ಅಂಗಡಿಯಾಕೆ ಕೈ ಹಿಡಿದಳು. “ಅದರಲ್ಲಿ ವಿಸ್ಕಿ ಇದೆ, ಲವ್.” ಆಕೆಯ ಹೊಟ್ಟೆ ತಣ್ಣಗಿರಲಿ! ವಿಸ್ಕಿಯಿಲ್ಲದ ಎರಡು ಶೀಶೆ ಕಟ್ಟಿಸಿಕೊಂಡೆ.

ಒಂದನ್ನು ಸ್ವೆಟರಿನಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿ, ಇನ್ನೊಂದನ್ನು ಒಡೆದೀತೆಂದು ಕೈಚೀಲದಲ್ಲಿಟ್ಟುಕೊಂಡದ್ದು ನನ್ನದೇ ದಡ್ಡತನ. ನೂರು ಮಿಲಿಲೀಟರಿಗಿಂತ ಹೆಚ್ಚಿನ ದ್ರವ ಒಯ್ಯುವಂತಿಲ್ಲ ಎಂದರು ತಪಾಸಣೆಯವರು. ಶೀಶೆಯನ್ನು ತಲೆಕೆಳಗು ಮಾಡಿ, “ನೋಡಿ, ಇದು ಹರಿಯುವುದೇ ಇಲ್ಲ” ಎಂದು ವಾದಿಸಿದೆ. ಅವರು ನಕ್ಕರು, ಶೀಶೆಯನ್ನು ಮಾತ್ರ ಕೊಡಲಿಲ್ಲ.

ಶಿವಮೊಗ್ಗದಲ್ಲಿ ಶಾರ್ಟ್‌ಬ್ರೆಡ್ ಕಚ್ಚಿದ ಗೆಳತಿ “ಬೇಕರಿಯ ಬೆಣ್ಣೆ ಬಿಸ್ಕತ್ತು” ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಡಬ್ಬಿ ಚೆನ್ನಾಗಿದೆ, ಸಾಸಿವೆಗೆ ಆಗುತ್ತದೆ ಎಂದೂ ಸೇರಿಸಿದಳು. ದೊಡ್ಡಮ್ಮ ಮಾರ್ಮಲೇಡನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು.

“ಇದು ಹೇರಳೆಕಾಯಿ ಗೊಜ್ಜಲ್ಲವೇನೇ? ಪಾಪ, ಒಗ್ಗರಣೆ ಹಾಕುವುದನ್ನು ಮರೆತಿದ್ದಾರೆ.”

ಮಾರನೆಯ ಬೆಳಗ್ಗೆ ದೋಸೆಯ ಪಕ್ಕ ಬಂದ ಮಾರ್ಮಲೇಡಿನ ಮೇಲೆ ಸಾಸಿವೆ, ಇಂಗು, ಬ್ಯಾಡಗಿ ಮೆಣಸಿನಕಾಯಿ ಹೊಳೆಯುತ್ತಿದ್ದವು. ಮೂರು ದಿನದಲ್ಲಿ ಶೀಶೆ ಖಾಲಿಯಾಯಿತು.

ಲೀಡ್ಸಿಗೆ ಮರಳಿದ ಮೇಲೆ ಅಂಗಡಿಯಾಕೆಗೆ ಇದನ್ನು ಹೇಳಿದೆ. ಮಾರ್ಮಲೇಡಿಗೆ ಮೆಣಸಿನಕಾಯಿ ಎಂದದ್ದು ಆಕೆಗೆ ಅಷ್ಟೇನೂ ವಿಚಿತ್ರವೆನಿಸಲಿಲ್ಲ. ಇಂಗು ಎಂದರೇನು ಎಂದು ಕೇಳಿದಳು. ಮುಂದಿನ ಶನಿವಾರ ನನ್ನ ಅಡುಗೆಮನೆಯಿಂದಲೇ ಒಂದು ಪುಟ್ಟ ಡಬ್ಬಿ ಒಯ್ದುಕೊಟ್ಟೆ. ಮುಚ್ಚಳ ತೆಗೆದವಳೇ ಮತ್ತೆ ಮುಚ್ಚಿದಳು.