ಕಾರನ್ನ ಸುಮ್ನೆ ಪಕ್ಕಕ್ಕೆ ಮಲಗ್ಸಿದ್ರೆ ಆಗ್ತಿರ್ಲಿಲ್ವಾ ಅಂತ ಕೇಳೋರಿಗೆ

ಗೊತ್ತಿಲ್ದೋರಿಗೆ ಮೊದಲು ವಿಷಯ ಹೇಳ್ಬಿಡ್ತೀನಿ. ತುಮಕೂರಲ್ಲಿ ನಮ್ಮ ಮನೆ ಹಿಂದಿನ ಶೆಡ್ಡಲ್ಲಿ 1983ರ ಒಂದು ಪ್ರೀಮಿಯರ್ ಪದ್ಮಿನಿ ಇದೆ, ಎಲ್ಲರ ಬಾಯಲ್ಲಿ ಫಿಯಟ್. ಅದರ ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲು, ಗ್ಲಾಸು, ಬಾಗಿಲು, ಸೀಟು ಎಲ್ಲಾ ಬಿಚ್ಚಿ ಬರೀ ಬಾಡೀನ ಮುಂದೊಂದು ಹಿಂದೊಂದು ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿ ನೇತಾಕಿದೀನಿ. ಗ್ರಿಲ್ ಚಿಕನ್ ಅಂಗಡೀಲಿ ಸರಳಿಗೆ ಸಿಕ್ಕಿಸಿದ ಕೋಳಿ ತಿರುಗ್ತಿರುತ್ತಲ್ಲ, ಹಾಗೆ. ಇಂಗ್ಲಿಷಲ್ಲೂ ಇದಕ್ಕೆ ಕೋಳಿ ಸುಡೋ ಯಂತ್ರದ ಹೆಸರೇ ಇರೋದು, ರೋಟಿಸ್ಸರಿ. ಬೇಕಾದ ಕಡೆಗೆ ತಿರುಗಿಸಿ ಪಿನ್ ಹಾಕಿದ್ರೆ ಅಲ್ಲೇ ನಿಲ್ಲುತ್ತೆ.

ಇದನ್ನ ನೋಡಿದೋರು ಎರಡು ಸುತ್ತು ಹಾಕಿ, ಒಂದ್ಸಲ ತಟ್ಟಿ ನೋಡಿ, ಆಮೇಲೆ ಕೇಳೋದು ಒಂದೇ. "ಇಷ್ಟೊಂದು ಕಬ್ಬಿಣ ಯಾಕೆ, ಸುಮ್ನೆ ಒಂದು ಹಳೇ ಹಾಸಿಗೆ ಹಾಕಿ ಪಕ್ಕಕ್ಕೆ ಮಲಗ್ಸಿದ್ರೆ ಆಗ್ತಿರ್ಲಿಲ್ವಾ?"

ಆ "ಸುಮ್ನೆ" ಇದೆಯಲ್ಲ, ಅದು ನನ್ನ ಪಿತ್ತ ನೆತ್ತಿಗೇರಿಸೋ ಪದ. ಮೂರು ತಿಂಗಳ ಭಾನುವಾರ ಎಲ್ಲಾ ಇದಕ್ಕೇ ಹೋಗಿದೆ, ನೀವು ಎರಡು ನಿಮಿಷ ನಿಂತ್ಕೊಂಡು ಸುಮ್ನೆ ಅಂತೀರಾ. ಹಾಸಿಗೆ ಐಡಿಯಾ ನನಗೂ ಹೊಳೆದಿತ್ತು ಸ್ವಾಮಿ. ಹಳೇ ಟಯರ್ ಜೋಡಿಸಿ ಮಲಗಿಸೋರು ಇದಾರೆ, ಗಟ್ಟಿ ಬಾಡಿ ಆಗಿದ್ರೆ ನಾನೂ ಅದನ್ನೇ ಮಾಡ್ತಿದ್ದೆ. ಆದ್ರೆ ಫಿಯಟ್‌ಗೆ ಜೀಪಿನ ಥರ ಕೆಳಗೆ ಭಾರ ಹೊರೋಕೆ ಒಂದು ಬೇರೆ ಚಾಸಿ ಇಲ್ಲ. ಫ್ಲೋರು, ಬಾಗಿಲ ಕೆಳಗಿನ ಸಿಲ್ಲು, ಪಿಲ್ಲರ್ರು, ರೂಫು ಎಲ್ಲಾ ತಗಡು ಸೇರ್ಕೊಂಡೇ ಚಾಸಿ. ನನ್ನ ಗಾಡಿ ಕುಂದಾಪುರದಲ್ಲಿ ಹನ್ನೆರಡು ಮಳೆಗಾಲ ಕಂಡು ಬಂದಿದೆ, ಎರಡೂ ಸಿಲ್ ಬೆರಳಲ್ಲಿ ಒತ್ತಿದ್ರೆ ಹಪ್ಪಳ. ಪಕ್ಕಕ್ಕೆ ಮಲಗಿಸಿದ್ರೆ ಪೂರ್ತಿ ಭಾರ ಆ ಹಪ್ಪಳದ ಮೇಲೇ ಕೂರುತ್ತೆ, ಬಾಡಿ ಸೊಟ್ಟ ಆಗುತ್ತೆ, ಆಮೇಲೆ ಎಷ್ಟೇ ಚೆನ್ನಾಗಿ ವೆಲ್ಡ್ ಮಾಡಿದ್ರೂ ಬಾಗಿಲು ಕೂರಲ್ಲ. ಸ್ಟ್ಯಾಂಡಿಗೆ ಏರಿಸೋ ಮುಂಚೇನೂ ಬಾಗಿಲ ಜಾಗಕ್ಕೆ ಅಡ್ಡಡ್ಡ ಪೈಪ್ ವೆಲ್ಡ್ ಮಾಡಿ ಬಿಗಿ ಮಾಡಿದೀನಿ, ನೋಡಿದೋರು ಅದನ್ನೂ ಕೇಳ್ತಾರೆ, ಬಾಗಿಲಿಗೆ ಯಾಕೆ ಕಿಟಕಿ ಸರಳು ಹಾಕ್ಸಿದೀರಾ ಅಂತ.

ಇನ್ನೊಂದು, ಸಿಆರ್ ಶೀಟ್ ಅಂದ್ರೆ ಉಕ್ಕಿನ ತಗಡು, ಅದನ್ನ ಕತ್ತರಿಸಿ ಕೈಯಲ್ಲೇ ಫ್ಲೋರ್ ಮಾಡ್ಬೇಕು. ಮುಂಬೈನ ಕುರ್ಲಾ ಫ್ಯಾಕ್ಟರೀಲಿ ಈ ಕಾರು ತಯಾರಾಗೋದು ನಿಂತು ಇಪ್ಪತ್ತು ವರ್ಷದ ಮೇಲಾಯ್ತು, ಅಲ್ಲಿ ಟ್ಯಾಕ್ಸಿಯಾಗಿ ಓಡ್ತಿದ್ದ ಕೊನೇ ಪದ್ಮಿನಿಗಳೂ 2023ರ ಅಕ್ಟೋಬರಲ್ಲಿ ರಸ್ತೆ ಬಿಟ್ವು. ಬೆಂಗಳೂರಿನ ಜೆ.ಸಿ. ರೋಡಲ್ಲಿ ಎರಡು ದಿನ ಅಲೆದಾಗ ನನಗೆ ಬಾಗಿಲ ರಬ್ಬರ್ ಸಿಕ್ತು, ಟೇಲ್ ಲ್ಯಾಂಪ್ ಸಿಕ್ತು, ಫ್ಲೋರ್ ಕೇಳಿದ್ರೆ ಅಂಗಡಿಯೋರು ನಕ್ಕರು. ಅಂದ್ರೆ ಅಡಿಗಳ ಲೆಕ್ಕದಲ್ಲಿ ವೆಲ್ಡಿಂಗು, ಅದೂ ಗಾಡಿ ಕೆಳಗೆ. ಮಲ್ಕೊಂಡು ಮೇಲಕ್ಕೆ ನೋಡ್ತಾ ವೆಲ್ಡ್ ಮಾಡಿದ್ರೆ ಕರಗಿದ ಲೋಹ ಕೂರೋ ಬದಲು ಇಳಿಯುತ್ತೆ, ಕಿಡಿ ನೇರ ಕಾಲರ್ ಒಳಗೆ. ಅದೇ ಬಾಡೀನ ತಿರುಗಿಸ್ಕೊಂಡ್ರೆ ಟೇಬಲ್ ಮೇಲೆ ಕೆಲಸ ಮಾಡಿದಂಗೆ. ಇಷ್ಟೇ ಉತ್ತರ. ಹೇಳೋಕೆ ಹೋದ್ರೆ ಯಾರೂ ಪೂರ್ತಿ ಕೇಳಲ್ಲ, ಅದಕ್ಕೇ ಬರೆದಿರೋದು.

ಖರ್ಚು ಎಷ್ಟಾಯ್ತು ಅಂತ ಕೇಳೋರಿಗೆ: ಹತ್ತೊಂಬತ್ತು ಸಾವಿರ ಚಿಲ್ಲರೆ, ಮುಕ್ಕಾಲು ಪಾಲು ಗುಜರಿ ಮಾಲು. ಮುಂದಿನ ಪ್ರಶ್ನೆ.

ಮುಂದಿನ ಪ್ರಶ್ನೆ ನಮ್ಮ ಸೋದರಮಾವಂದು. ಸ್ಟ್ಯಾಂಡ್ ರೆಡಿಯಾಗಿ ಮೊದಲ ಸಲ ತಿರುಗಿಸಿ ನೋಡೋ ದಿನ, ನಾನು ಮತ್ತೆ ನನ್ನ ಫ್ರೆಂಡು ಇಬ್ರೇ. ತಿರುಗೋ ಭಾಗಕ್ಕೆ ಬೇರಿಂಗ್ ಇಲ್ಲ, ಮೂರು ಇಂಚಿನ ಸಿ ಕ್ಲಾಸ್ (ದಪ್ಪ ಗೋಡೆಯ) ಪೈಪಿನ ಒಳಗೆ ಎರಡೂವರೆ ಇಂಚಿನ ಪೈಪು, ಮಧ್ಯ ಗ್ರೀಸು, ಅದೇನೋ ಬೆಣ್ಣೆ ಥರ ತಿರುಗ್ತಿತ್ತು. ತಪ್ಪಾಗಿದ್ದು ಬೇರೆ ಕಡೆ. ಬಂಪರ್ ಬೋಲ್ಟ್ ಹಾಕೋ ಜಾಗಕ್ಕೆ ಬ್ರಾಕೆಟ್ ಕಟ್ಟಿ, ಅದೇ ಎತ್ತರಕ್ಕೆ ನೇರವಾಗಿ ತಿರುಗೋ ಪೈಪ್ ಕೊಟ್ಟಿದ್ದೆ. ಆದ್ರೆ ಬಾಡಿಯ ಭಾರದ ಮಧ್ಯ ಬಂಪರ್ ಮಟ್ಟಕ್ಕಿಂತ ಮೇಲಿರುತ್ತೆ, ರೂಫು ಪಿಲ್ಲರ್ ಎಲ್ಲಾ ಮೇಲೇ ತಾನೆ ಇರೋದು. ಭಾರದ ಮಧ್ಯ ತಿರುಗೋ ಜಾಗಕ್ಕಿಂತ ಮೇಲಿದ್ರೆ ಬಾಡಿಗೆ ಒಂದೇ ಆಸೆ, ತಲೆಕೆಳಗಾಗೋದು. ಇದನ್ನ ಓದಿರ್ಲಿಲ್ಲ ಅಂತಲ್ಲ, ಓದಿದ್ದೆ, ಬಂಪರ್ ಸುಮಾರು ಮಧ್ಯಕ್ಕೇ ಇರುತ್ತೆ ಬಿಡು ಅಂದ್ಕೊಂಡಿದ್ದೆ.

ಪಿನ್ ಎಳೆದೆ. ಒಂದು ಸೆಕೆಂಡ್ ಸುಮ್ನಿತ್ತು (ನೋಡಿ, ಈ ಪದ ಎಲ್ಲಿ ಬರ್ಬೇಕು ಅಂತ). ಆಮೇಲೆ ಪೂರ್ತಿ ಫಿಯಟ್ಟು ಎಮ್ಮೆ ಕೆರೇಲಿ ಹೊರಳಿದಂಗೆ ಹೊರಳ್ತು, ರೂಫಿನ ಮೂಲೆ ಶೆಡ್ಡಿನ ಟ್ಯೂಬ್‌ಲೈಟ್ ಹೊಡ್ಕೊಂಡು ಹೋಯ್ತು, ಸ್ಟ್ಯಾಂಡಿನ ಕೆಳಗೆ ನಾನು ಬುದ್ಧಿವಂತಿಕೆಯಿಂದ ಹಾಕಿಸಿದ್ದ ಗಾಲಿಗಳ ದಯೆಯಿಂದ ಇಡೀ ಸಂಸಾರ ಎರಡಡಿ ಮುಂದೆ ನಡೀತು, ನಾವಿಬ್ರೂ ಗೋಡೆಗೆ ಅಂಟ್ಕೊಂಡ್ವಿ. ಗಾಜಿನ ಚೂರು ಬೀಳೋ ಸದ್ದು ನಿಂತ ಮೇಲೆ ನೋಡಿದ್ರೆ ಬಾಗಿಲಲ್ಲಿ ಮಾವ, ಕೈಯಲ್ಲಿ ಮಗಳ ಮದುವೆ ಲಗ್ನಪತ್ರಿಕೆ. ಉಲ್ಟಾ ಆಗಿ ತೂಗಾಡ್ತಿರೋ ಕಾರು ನೋಡಿದ್ರು, ನನ್ನ ಮುಖ ನೋಡಿದ್ರು.

"ಯಾವಾಗ್ಲೋ ಆಗಿದ್ದು? ಒಳಗೆ ಯಾರ್ಯಾರಿದ್ರು?"

"ಇಲ್ಲ ಮಾವ, ನಾನೇ ತಿರುಗ್ಸಿದ್ದು."

"ನೀನೇ ಓಡಿಸ್ತಿದ್ದಾ?"

ಎಷ್ಟು ಹೇಳಿದ್ರೂ ಅವರ ತಲೆಗೆ ಹೋಗ್ಲಿಲ್ಲ. ಎಂಜಿನ್ನಿಲ್ಲ, ಚಕ್ರ ಇಲ್ಲ, ಇದು ಎಲ್ಲಿಗೆ ಓಡುತ್ತೆ ಮಾವ ಅಂದ್ರೆ, "ಅಷ್ಟೂ ಕಿತ್ಕೊಂಡ್ ಹೋಗಿದೆಯಾ!" ಅಂದ್ರು. ಸಂಜೆಯೊಳಗೆ ನಾಲ್ಕು ಫೋನು. ದೊಡ್ಡಮ್ಮ ಅಳ್ತಾ ಇದ್ರು. ದೇವರಾಯನದುರ್ಗಕ್ಕೆ ಹೋಗಿ ನರಸಿಂಹಸ್ವಾಮಿಗೆ ಒಂದು ಪೂಜೆ ಮಾಡಿಸ್ಕೊಂಡು ಬಾ ಅಂತ ಅಮ್ಮನ ಕಡೆಯಿಂದ ಆರ್ಡರ್ ಬಂತು, ಆಕ್ಸಿಡೆಂಟ್ ಆಗಿಲ್ಲ ಅಂತ ಅಮ್ಮನಿಗೆ ಗೊತ್ತಿದ್ರೂನೂ. ಹೋಗಿ ಬಂದೆ. ಕೈಯೋ ಕಾಲೋ ಹೋಗದೆ ಇದ್ದಿದ್ದು ನಿಜ ತಾನೆ.

ರಿಪೇರಿ ಏನ್ ಮಾಡಿದೆ ಅಂದ್ರೆ, ಬ್ರಾಕೆಟ್ಟನ್ನ ಮೇಲೆ ಕೆಳಗೆ ಸರಿಯೋ ಹಾಗೆ ಮಾಡಿದೆ. 72 ಎಂಎಂ ಸ್ಕ್ವೇರ್ ಪೈಪು 4.8 ಎಂಎಂ ದಪ್ಪದ್ದಾದ್ರೆ ಒಳಗೆ 60ರ ಪೈಪು ಹೆಚ್ಚುಕಮ್ಮಿ ಅಳತೆ ಕೊಟ್ಟು ಮಾಡಿಸಿದಂಗೆ ಕೂರುತ್ತೆ, ಒಳಗಡೆ ವೆಲ್ಡಿಂಗ್ ಗೆರೆ ಅಡ್ಡ ಬಂದ್ರೆ ಉಜ್ಜಿ ತೆಗೀಬೇಕು ಅಷ್ಟೇ. ಇಂಚಿಂಚು ಸರಿಸ್ತಾ ಹೋಗಿ ಬಂಪರ್‌ಗಿಂತ ಒಂಬತ್ತು ಇಂಚು ಮೇಲೆ ಬಂದಾಗ ಬಾಡಿ ಎಲ್ಲಿ ಬಿಟ್ರೆ ಅಲ್ಲಿ ನಿಲ್ಲೋಕೆ ಶುರುವಾಯ್ತು, ಒಂದೇ ಕೈಯಲ್ಲಿ ತಿರುಗ್ಸಬಹುದು. ಎರಡೂ ಸ್ಟ್ಯಾಂಡಿನ ಮಧ್ಯ ನೆಲಮಟ್ಟದಲ್ಲಿ ಒಂದು ಕಬ್ಬಿಣದ ಚಾನೆಲ್ ಹಾಕಿ ಬೋಲ್ಟ್ ಮಾಡಿದೆ, ಗಾಲಿ ಕಿತ್ತು ಬಿಸಾಕಿದೆ. ನೀವು ಮಾಡೋದಾದ್ರೆ ಇದೊಂದು ನೆನಪಿಟ್ಕೊಳ್ಳಿ, ಬಾಡಿ ತಿರುಗೋವಾಗ ಮೂಲೆ ಎಲ್ಲಿವರೆಗೆ ಹೋಗುತ್ತೆ ಅಂತ ನೆಲದ ಕಡೆ ಮಾತ್ರ ಅಳೀಬೇಡಿ, ಮೇಲೂ ಅಳೀರಿ.

ಇಷ್ಟು ಜನ ಬಂದು ಹೋದ್ರಲ್ಲ, ಒಬ್ರಾದ್ರೂ ತಿರುಗ್ಸಿದ್ ಮೇಲೆ ಏನ್ ಕಾಣ್ತು ಅಂತ ಕೇಳಿದ್ರಾ? ಇಲ್ಲ. ಕೇಳಿದ್ದಿದ್ರೆ ಚೇರ್ ಹಾಕಿ ಕಾಫಿ ಕೊಟ್ಟು ಹೇಳ್ತಿದ್ದೆ.

ಉದುರಿದ್ದು ಮೊದಲು ಮಣ್ಣು. ಕರಾವಳಿಯ ಕೆಂಪು ಮಣ್ಣು, ಎರಡು ಬಾಣಲೆ ತುಂಬ, ಜೊತೆಗೆ ಐವತ್ತು ಪೈಸೆಯ ಮೂರು ನಾಣ್ಯ, ಒಂದು ಹೇರ್‌ಪಿನ್ನು. ಸಿಲ್ಲಿನ ಒಳಗೆ ನೀರು ನುಗ್ಗೇ ನುಗ್ಗುತ್ತೆ, ಇಳಿದು ಹೋಗ್ಲಿ ಅಂತಾನೇ ಕೆಳಗೆ ತೂತು ಬಿಟ್ಟಿರ್ತಾರೆ. ಯಾರೋ ಪುಣ್ಯಾತ್ಮರು ತುಕ್ಕು ಹಿಡೀಬಾರ್ದು ಅಂತ ಗಾಡಿಯ ಅಡಿಭಾಗಕ್ಕೆ ಪೂರ್ತಿ ಟಾರ್ ಬಳಿಸಿದಾರೆ, ತೂತಿನ ಮೇಲೂ. ನೀರು ಒಳಗೇ ಉಳೀತು. ತುಕ್ಕು ಹೊರಗಿಂದ ಬಂದಿಲ್ಲ, ಒಳಗೇ ಕೂತು ತಿಂದಿದೆ. ಕೆಳಗೆ ಮಲ್ಕೊಂಡು ಟಾರ್ಚ್ ಬಿಟ್ಟು ನೋಡಿದ್ದಾಗ ಅದೇ ಟಾರು ನೋಡಿ ಪರವಾಗಿಲ್ಲ ಗಟ್ಟಿಯಾಗಿದೆ ಅಂದಿದ್ದೆ ನಾನು.

ಟಾರ್ ಕೆರೆದ ಮೇಲೆ ಡ್ರೈವರ್ ಕಾಲಿನ ಜಾಗದಲ್ಲಿ ಒಂದು ಪ್ಯಾಚ್ ಕಾಣ್ತು, ಅಂಗೈ ಅಗಲದ್ದು, ಯಾರೋ ಒಬ್ಬ ಗಾಡಿ ಕೆಳಗೆ ಮಲ್ಕೊಂಡು ಹಿತ್ತಾಳೆ ಕಡ್ಡೀಲಿ ಗ್ಯಾಸ್ ಹಾಕಿ ಕೂರಿಸಿದ್ದು. ಅಂಚಲ್ಲಿ ಹಿತ್ತಾಳೆ ಹನಿ ಇಳಿದು ಹಾಗೇ ಗಟ್ಟಿಯಾಗಿತ್ತು, ಈಗ ಗಾಡಿ ಉಲ್ಟಾ ಇರೋದ್ರಿಂದ ಆ ಹನಿಗಳು ಸಣ್ಣ ಕೊಂಬಿನ ಥರ ಮೇಲಕ್ಕೆ ಎದ್ದು ನಿಂತಿದ್ವು. ನಮ್ಮ ಏರಿಯಾದ ಹಳೇ ಟಿಂಕರ್ (ಗಾಡಿ ತಗಡಿನ ಕೆಲಸದೋರು) ಒಬ್ರು, ಎಪ್ಪತ್ತರ ಹತ್ರ ವಯಸ್ಸು, ಸಿಲ್ ಅಳತೆ ಹೇಳಿಕೊಡೋಕೆ ಬಂದೋರು ಅದನ್ನ ನೋಡ್ಕೊಂಡು ನಿಂತ್ಬಿಟ್ರು. ಬೆರಳಲ್ಲಿ ಒಂದೊಂದೇ ಮುಟ್ಟಿ ಎಣಿಸಿದ್ರು.

"ಇಲ್ಲಿ ನಾಲ್ಕು ನಿಂತಿದೆ. ಮಿಕ್ಕಿದ್ದೆಲ್ಲಾ ಅವನ ಮೇಲೆ ಬಿದ್ದಿರುತ್ತೆ."

ಆಮೇಲೆ ಸ್ಟ್ಯಾಂಡನ್ನ ಒಂದು ಸುತ್ತು ತಿರುಗಿಸಿದ್ರು, ಇನ್ನೊಂದು ಸುತ್ತು ತಿರುಗಿಸಿದ್ರು. ಇಷ್ಟೊಂದು ಕಬ್ಬಿಣ ಯಾಕೆ ಅಂತ ಕೇಳದೆ ಇದ್ದೋರು ಅವರೊಬ್ರೇ. ಆ ಪ್ಯಾಚ್ ಇರೋ ಭಾಗ ಕತ್ತರಿಸಿದೀನಿ, ಗುಜರಿಗೆ ಹಾಕಿಲ್ಲ, ಶೆಲ್ಫಲ್ಲಿದೆ.

ಬಲಗಡೆ ಸಿಲ್ ಮುಗೀತು, ನೀರು ಇಳಿಯೋ ತೂತುಗಳ ಸಮೇತ. ಎಡಗಡೆ ಬಾಕಿ, ಮಳೆ ಹಿಡಿಯೋದ್ರೊಳಗೆ ಪ್ರೈಮರ್ ಆಗ್ಬೇಕು. ನೋಡೋಕೆ ಬರೋರು ಭಾನುವಾರ ಬನ್ನಿ, ಬರ್ತಾ ಒಂದು ಟ್ಯೂಬ್‌ಲೈಟ್ ತನ್ನಿ, ನಾಲ್ಕಡಿದು.