.32 ಪಿಸ್ತೂಲಿನಲ್ಲಿ ಗುಂಡು ಏರದಿದ್ದರೆ ಮೊದಲು ಮ್ಯಾಗಜಿನ್ ಬಿಚ್ಚಿ

ಕಾಸರಗೋಡಿನ ಕಡೆ ಕೋವಿ ಅಂದರೆ ತೋಟದ ಒಂಟಿ ನಳಿಗೆ, ಜೋಡು ನಳಿಗೆ. ಪಿಸ್ತೂಲಿಗೆ ಲೈಸೆನ್ಸ್ ಇರುವವರು ಕಡಿಮೆ, ಇದ್ದರೂ ಹೆಚ್ಚಾಗಿ .32 ಬೋರಿನದು. ರಿಪೇರಿ ಮೇಜಿಗೆ ಬರುವ ಇಂಥ ಪಿಸ್ತೂಲುಗಳ ದೂರು ಸಾಮಾನ್ಯವಾಗಿ ಒಂದೇ: ಹಿಡಿಯೊಳಗಿನ ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) ಬಿಟ್ಟು ಗುಂಡು ಚೇಂಬರಿಗೆ (ನಳಿಗೆಯ ಹಿಂಬದಿಯ ಗೂಡಿಗೆ) ಸರಿಯಾಗಿ ಏರುವುದಿಲ್ಲ. ಆಟಿಯ ಮಳೆ ಕಳೆದ ಮೇಲೆ, ಚುನಾವಣೆಗೆಂದು ಠಾಣೆಯಲ್ಲಿಟ್ಟದ್ದನ್ನು ಬಿಡಿಸಿಕೊಂಡು ಬಂದ ಮೇಲೆ ಇದು ಜಾಸ್ತಿ. ಬಂದವರು ಸ್ಲೈಡಿನ (ನಳಿಗೆಯ ಮೇಲೆ ಹಿಂದೆ ಮುಂದೆ ಸರಿಯುವ ಭಾಗದ) ಸ್ಪ್ರಿಂಗ್ ಬದಲಿಸಿ ಎನ್ನುತ್ತಾರೆ. ತಪ್ಪು ಬಹುಪಾಲು ಮ್ಯಾಗಜಿನ್‌ನಲ್ಲಿ, ಇಲ್ಲವೇ ತೋಟೆಯಲ್ಲಿ (ಗುಂಡು, ಮದ್ದು, ಹಿತ್ತಾಳೆ ಕೇಸ್ ಸೇರಿದ್ದು) ಇರುತ್ತದೆ.

ಈಡು ನಿಂತ ಕೂಡಲೇ ಬೆರಳು ಟ್ರಿಗರ್‌ನಿಂದ ಹೊರಗೆ ಬರಬೇಕು, ನಳಿಗೆ ಗುರಿಯ ದಿಕ್ಕಿನಲ್ಲೇ ಇರಬೇಕು. ರೇಂಜಿನಲ್ಲಿ ಟಿಕ್ ಎಂದು ಸದ್ದಾಗಿ ಗುಂಡು ಹಾರದಿದ್ದರೆ 30 ಸೆಕೆಂಡು ಹಾಗೆಯೇ ಹಿಡಿದು ಕಾಯಿರಿ, ಮದ್ದು ತಡವಾಗಿ ಹೊತ್ತುವುದುಂಟು. ಆಮೇಲೆ ಅಂಗೈಯಿಂದ ಮ್ಯಾಗಜಿನ್‌ನ ತಳಕ್ಕೆ ಗಟ್ಟಿಯಾಗಿ ತಟ್ಟಿ, ಸ್ಲೈಡನ್ನು ಪೂರ್ತಿ ಹಿಂದೆಳೆದು ಕೈ ಬಿಡಿ. ಕೈಯಲ್ಲಿ ಹಿಡಿದುಕೊಂಡೇ ಮುಂದೆ ತಂದರೆ ಸ್ಪ್ರಿಂಗಿನ ಬಲ ಸಿಗದೆ ಇನ್ನೊಂದು ತೊಂದರೆ ನೀವೇ ಹುಟ್ಟುಹಾಕಿದಂತೆ. ಸದ್ದು ಠುಸ್ ಎಂದು ಕುಂದಿ ಬಂದಿದ್ದರೆ ಮಾತ್ರ ಈ ಯಾವುದೂ ಬೇಡ. ಗುಂಡು ನಳಿಗೆಯೊಳಗೇ ನಿಂತಿರಬಹುದು, ಅದರ ಹಿಂದೆ ಮತ್ತೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಖಾಲಿ ಮಾಡಿ, ಬಿಚ್ಚಿ, ಚೇಂಬರ್ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ.

ತಟ್ಟಿ ಎಳೆದರೂ ಜಗ್ಗದ ಸಿಕ್ಕು ಒಂದಿದೆ, .32ಕ್ಕೆ ಅದು ಹುಟ್ಟಿನಿಂದ ಅಂಟಿಕೊಂಡದ್ದು. ಈ ತೋಟೆಯ ಒಡಲು ಬುಡದ ಹತ್ತಿರ ಸುಮಾರು 8.55 ಮಿ.ಮೀ., ರಿಮ್ (ಬುಡದ ಅಂಚು) ಸುಮಾರು 9.1 ಮಿ.ಮೀ. ಅಂದರೆ ರಿಮ್ ಒಡಲಿಗಿಂತ ತುಸು ಹೊರಚಾಚಿದೆ. ಮೇಲಿನ ತೋಟೆಯ ರಿಮ್ ಕೆಳಗಿನದರ ರಿಮ್‌ಗಿಂತ ಮುಂದಿರಬೇಕು. ಹಿಂದಕ್ಕೆ ಜಾರಿತೋ, ಸ್ಲೈಡ್ ಎಷ್ಟು ನೂಕಿದರೂ ಮೇಲಿನದು ಕೆಳಗಿನದಕ್ಕೆ ಕೊಕ್ಕೆ ಹಾಕಿ ನಿಲ್ಲುತ್ತದೆ. ದುಂಡು ಮೂತಿಯ, ಪೂರ್ತಿ ಲೋಹದ ಹೊದಿಕೆಯ ತೋಟೆ ಸುಮಾರು 25 ಮಿ.ಮೀ. ಉದ್ದ. ಮ್ಯಾಗಜಿನ್ ಆ ಉದ್ದಕ್ಕೆ ಮಾಡಿದ್ದು. ಮೂತಿಯಲ್ಲಿ ಗುಳಿಯಿರುವ ಹಾಲೋ ಪಾಯಿಂಟ್ ಸಾಮಾನ್ಯವಾಗಿ ಅದಕ್ಕಿಂತ ಗಿಡ್ಡ, ಮುಂದೆ ಖಾಲಿ ಜಾಗ ಉಳಿದು ತೋಟೆಗಳು ಹಿಂದೆ ಮುಂದೆ ಸರಿಯುತ್ತವೆ. ದುಬಾರಿ ತೋಟೆ ಹಾಕಿದಾಗಲೇ ಸಿಕ್ಕಿಕೊಳ್ಳುತ್ತದೆ ಎಂಬ ದೂರಿನ ಗುಟ್ಟು ಇಷ್ಟೇ.

ಬಿಡಿಸಬೇಕಾದರೆ ಮ್ಯಾಗಜಿನ್ ಹೊರಗೆ ತೆಗೆಯಲೇಬೇಕು. ಹಳೆಯ ಮಾದರಿಗಳಲ್ಲಿ ಬೀಗ ಹಿಡಿಯ ಬುಡದಲ್ಲಿರುತ್ತದೆ: ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತಿ ಇನ್ನೊಂದು ಕೈಯಿಂದ ಎಳೆಯಬೇಕು, ತಾನಾಗಿ ಬೀಳುವುದಿಲ್ಲ. ಮ್ಯಾಗಜಿನ್ ಬಂದ ಮೇಲೆ ಸ್ಲೈಡ್ ಎಳೆದು ಚೇಂಬರ್ ಕಣ್ಣಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ಖಾಲಿ ಎಂದು ಖಚಿತ ಮಾಡಿಕೊಳ್ಳಿ. ಕೊಕ್ಕೆ ಬಿದ್ದ ತೋಟೆಯನ್ನು ಮೇಲಿನಿಂದ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಮ್ಯಾಗಜಿನ್‌ನ ತುಟಿ (ಬಾಯಿಯ ಮಡಿಚಿದ ಅಂಚು) ಅರಳುತ್ತದೆ. ತಳದ ಪ್ಲೇಟ್ ಬಿಚ್ಚುವಂಥದ್ದಾದರೆ ಸ್ಪ್ರಿಂಗ್ ಹಾರದಂತೆ ಹೆಬ್ಬೆರಳು ಅದುಮಿ ಸರಿಸಿ, ತೋಟೆಗಳನ್ನು ಕೆಳಗಿನಿಂದ ತೆಗೆಯಿರಿ.

ಖಾಲಿ ಕೇಸ್ ಸ್ಲೈಡಿನ ಕಿಂಡಿಯಲ್ಲಿ ನಿಗುರಿ ನಿಂತರೆ ಸ್ಲೈಡ್ ಎಳೆದರೆ ಸಾಕು. ಕಾರಣ ಹೆಚ್ಚಾಗಿ ಸಡಿಲ ಮಣಿಕಟ್ಟು, ಇಲ್ಲವೇ ಹಳೆ ತೋಟೆ. ಖಾಲಿ ಕೇಸ್ ಚೇಂಬರಿನಲ್ಲೇ ಉಳಿದು ಹಿಂದಿನಿಂದ ಹೊಸದು ಗುದ್ದಿದರೆ ಮ್ಯಾಗಜಿನ್ ಕಿತ್ತು, ಎರಡು ಮೂರು ಸಲ ಸ್ಲೈಡ್ ಎಳೆದು, ಮತ್ತೆ ಹಾಕಿ. ಬ್ಲೋಬ್ಯಾಕ್ (ಮದ್ದಿನ ಒತ್ತಡದಿಂದಲೇ ಸ್ಲೈಡ್ ಹಿಂದೆ ಸರಿಯುವ) ಪಿಸ್ತೂಲಿನಲ್ಲಿ ಖಾಲಿ ಕೇಸನ್ನು ಹಿಂದಕ್ಕೆ ನೂಕುವುದು ಹೊಗೆಯ ಒತ್ತಡವೇ, ಎಕ್ಸ್‌ಟ್ರ್ಯಾಕ್ಟರ್ ಎಂಬ ಸ್ಲೈಡಿನ ಕೊಕ್ಕೆ ಮುಖ್ಯವಾಗಿ ಹಾರದ ತೋಟೆಯನ್ನು ಎಳೆಯಲು. ಹಾಗಾಗಿ ಕೇಸ್ ಉಳಿಯಿತೆಂದರೆ ಎಕ್ಸ್‌ಟ್ರ್ಯಾಕ್ಟರ್ ಬದಲಿಸುವ ಮೊದಲು ಚೇಂಬರ್ ಉಜ್ಜಿ ನೋಡಿ.

ಇನ್ನು ತೆಂಗಿನೆಣ್ಣೆಯ ವಿಷಯ. ಅಡಿಕೆ ಕತ್ತಿಗೆ ಹಚ್ಚಿದಂತೆ ಪಿಸ್ತೂಲಿಗೂ ಹಚ್ಚುವವರಿದ್ದಾರೆ. ಅದು ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ತಿಂಗಳುಗಟ್ಟಲೆ ಇಟ್ಟರೆ ಧೂಳು ಹಿಡಿದು ಮೇಣದಂತಾಗುತ್ತದೆ. ಮ್ಯಾಗಜಿನ್‌ನೊಳಗೆ ಈ ಅಂಟು ಸೇರಿದರೆ ಫಾಲೋಯರ್ (ತೋಟೆಗಳನ್ನು ಮೇಲಕ್ಕೆ ಒತ್ತುವ ತಟ್ಟೆ) ನಿಧಾನವಾಗಿ ಏರುತ್ತದೆ, ತೋಟೆಯ ಮೂತಿ ಬಗ್ಗಿ ಚೇಂಬರಿನ ಕೆಳಗಿನ ಇಳಿಜಾರಿಗೆ ಗುದ್ದುತ್ತದೆ. ಗನ್ ಆಯಿಲ್ ಸ್ಲೈಡಿನ ಎರಡು ಹಳಿಗೆ ಒಂದೊಂದು ಹನಿ ಸಾಕು. ಮ್ಯಾಗಜಿನ್‌ನ ಒಳಗೆ, ಚೇಂಬರಿನಲ್ಲಿ, ತೋಟೆಯ ಮೇಲೆ ಎಣ್ಣೆ ಇರಲೇಬಾರದು. ಎಣ್ಣೆ ತೋಟೆಯ ಬುಡದಲ್ಲಿ ಕಿಡಿ ಕೊಡುವ ಪ್ರೈಮರ್‌ಗೆ ಇಳಿದರೆ ಮದ್ದು ಹೊತ್ತದೇ ಹೋಗಬಹುದು. ಚರ್ಮದ ಒರೆಯಲ್ಲಿಟ್ಟು ಮಳೆಗಾಲ ಕಳೆಯುವುದೂ ಬೇಡ. ಚರ್ಮ ತೇವ ಹಿಡಿಯುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಬರುತ್ತದೆ, ಅಂಥ ತೋಟೆ ಚೇಂಬರಿನಲ್ಲಿ ಪೂರ್ತಿ ಕೂರುವುದಿಲ್ಲ.

ಇಳಿಜಾರನ್ನು ಎಮೆರಿ ಕಾಗದದಲ್ಲಿ ಉಜ್ಜಿ ಹೊಳಪು ಮಾಡಿ ತಂದವರಿಗೆ ಹೇಳುವುದೇನೂ ಉಳಿದಿರುವುದಿಲ್ಲ, ಕೋನ ಕೆಟ್ಟಿತೆಂದರೆ ನಳಿಗೆಯೇ ಹೋಯಿತು. ಇಕ್ಕಳದಿಂದ ತುಟಿ ಬಗ್ಗಿಸುವುದೂ ಅದೇ ಜಾತಿಯ ಕೆಲಸ. ಆಯುಧ ಕಾಯ್ದೆ, 1959ರ 5ನೇ ಕಲಮಿನ ಪ್ರಕಾರ ರಿಪೇರಿ ದಂಧೆಗೂ ಲೈಸೆನ್ಸ್ ಬೇಕು, ವರ್ಕ್‌ಶಾಪಿನ ಲೇತಿನವನ ಹತ್ತಿರ ಕೊಡಬೇಡಿ.

ತರುವಾಗ ಇರುವ ಮ್ಯಾಗಜಿನ್‌ಗಳನ್ನೆಲ್ಲ ತನ್ನಿ, ತಳದಲ್ಲಿ ಮಾರ್ಕರ್‌ನಿಂದ 1, 2 ಎಂದು ಬರೆದು, ಯಾವುದರಲ್ಲಿ ಎಷ್ಟನೆಯ ತೋಟೆಗೆ ನಿಂತಿತು ಎಂದು ಚೀಟಿಯಲ್ಲಿ ಗುರುತು ಮಾಡಿ. ಒಂದರಲ್ಲಿ ಮಾತ್ರ ನಿಲ್ಲುತ್ತಿದ್ದರೆ ಪಿಸ್ತೂಲನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ: ಸರಿಯಿರುವುದರ ತುಟಿಯ ಅಗಲವನ್ನು ವರ್ನಿಯರ್‌ನಲ್ಲಿ ಅಳೆದು ಹೋಲಿಸಿದರೆ ಸಾಕು. ಕೊನೆಯ ಒಂದೆರಡಕ್ಕೆ ನಿಂತರೆ ಮ್ಯಾಗಜಿನ್ ಸ್ಪ್ರಿಂಗ್ ಸೋತಿರಬಹುದು. ಪೂರ್ತಿ ತುಂಬಿದಾಗ ಮೊದಲನೆಯದಕ್ಕೇ ನಿಂತರೆ ಒಂದು ತೋಟೆ ಕಡಿಮೆ ಹಾಕಿ ನೋಡಿ.